ಕೇಳಿ ಮುಟ್ಟು

ಗಂಗಾವತಿ
ಭಾನುವಾರ

ಪುಟ್ಟವ್ವಾ,

ನಿನ್ನೆ ಫೋನಿನಲ್ಲಿ ನೀನು ಅತ್ತಿದ್ದು ಕೇಳಿಸಿತು. ನಲ್ಲಿ ಬಿಟ್ಟುಕೊಂಡಿದ್ದೆ, ಆದರೂ ಕೇಳಿಸಿತು. ಫೋನಿನಲ್ಲಿ ನನಗೆ ನೆಟ್ಟಗೆ ಮಾತಾಡಲು ಬರುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಿಮ್ಮ ಹೆರಿಗೆ ವಾರ್ಡಿಗೆ ಬಂದಿರುವ, ಅತ್ಯಾಚಾರಕ್ಕೆ ಒಳಗಾಗಿ ಬಸುರಾದ ಆ ಹುಡುಗಿಯ ಹೆಸರು ನೀನು ಹೇಳಲಿಲ್ಲ. ಒಳ್ಳೇದು ಮಾಡಿದೆ. ಇಂಥವರ ಹೆಸರು ಪ್ರಕಟಿಸುವುದು ಅಪರಾಧ ಅಂತ ಕಾನೂನೇ ಇದೆ. ಆದರೆ ವಾರ್ಡಿನಲ್ಲಿ ಹೆಸರು ಹರಡಲು ಪೇಪರು, ಟಿವಿ ಯಾಕೆ ಬೇಕು? ಚಹಾ ತರುವ ಹುಡುಗ ಒಬ್ಬ ಸಾಕು.

ಎಂಟು ತಿಂಗಳು ಅಂದೆ. ಹತ್ತಿ ಬಿಡಿಸುವಾಗ ಮೇಲೆ ತೊಡುವ ಅಪ್ಪನ ಅಂಗಿಯನ್ನು ಅವಳು ಮನೆಯಲ್ಲೂ ಬಿಚ್ಚುತ್ತಿರಲಿಲ್ಲವಂತೆ, ಅವರವ್ವನಿಗೇ ತಡವಾಗಿ ಗೊತ್ತಾಯಿತಂತೆ. 24 ವಾರದೊಳಗೆ ಬಂದಿದ್ದರೆ ಇಬ್ಬರು ಡಾಕ್ಟರು ಒಪ್ಪಿ ಗರ್ಭ ತೆಗೆಸಬಹುದಿತ್ತು. ಗರ್ಭಪಾತ ಕಾನೂನಿನ 2021ರ ತಿದ್ದುಪಡಿ ಅತ್ಯಾಚಾರಕ್ಕೆ ಒಳಗಾದವರಿಗೆ ಅಷ್ಟು ಅವಕಾಶ ಕೊಟ್ಟಿದೆ. ನೀನು ಇದನ್ನು ಓದಿಕೊಂಡಿದ್ದೀಯ, ನನಗೆ ಗೊತ್ತು. ಅವಳ ಮುಂದೆ ಮಾತ್ರ ಎತ್ತಬೇಡ. "ಮೊದಲೇ ಬರಬಾರದಿತ್ತಾ" ಅನ್ನುವ ಮಾತನ್ನು ಅವಳು ನಿಮ್ಮ ಗೇಟು ದಾಟುವ ಮೊದಲೇ ನೂರು ಸಲ ಕೇಳಿರುತ್ತಾಳೆ.

ಈಗ ನನ್ನದೊಂದು ಹೇಳುತ್ತೇನೆ. ನಿಮ್ಮವ್ವನಿಗೂ ಹೇಳಿಲ್ಲ.

ನಾನು ನರ್ಸ್ ಕೆಲಸಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ರಾತ್ರಿ ಪಾಳಿ, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಒಬ್ಬಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ಪರೀಕ್ಷೆ ಮಾಡಲು ಹೋದರೆ ತೊಡೆ ಬಿಗಿ ಹಿಡಿಯುತ್ತಿದ್ದಳು. ಎರಡು ಸಲ ಹೇಳಿದೆ, ಮೂರು ಸಲ ಹೇಳಿದೆ. ಆಮೇಲೆ ತೊಡೆಗೆ ಒಂದು ಏಟು ಕೊಟ್ಟೆ. "ಆವಾಗ ನಾಚಿಕಿ ಬರಲಿಲ್ಲೇನು, ಸುಮ್ನ ಬಿದ್ಕೋ" ಅಂದೆ. ಹಿರಿಯ ಸಿಸ್ಟರುಗಳು ಅನ್ನುತ್ತಿದ್ದರು, ನಾನೂ ಕಲಿತಿದ್ದೆ. ಅವಳು ಸುಮ್ಮನಾದಳು. ಪೂರ್ತಿ ಸುಮ್ಮನಾದಳು. ಕಣ್ಣು ಫ್ಯಾನಿನ ಮೇಲೆ. ನೋವು ಬಂದಾಗಲೂ ಹೂಂ ಅನ್ನಲಿಲ್ಲ. ಹಾದಿಗೆ ಬಂದಳು ಅಂದುಕೊಂಡೆ ನಾನು.

ಮೂರನೇ ದಿನ ಮನೆಗೆ ಹೊರಡುವಾಗ, ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಳ್ಳುತ್ತ, ನನ್ನ ಮುಖ ನೋಡದೆ ಹೇಳಿದಳು: "ಅವನೂ ಹಂಗ ಅಂದಿದ್ದರೀ ಅಕ್ಕಾರ. ಸುಮ್ನ ಬಿದ್ಕೋ ಅಂತ."

ಅವನು ಯಾರು ಅಂತ ಅವಳು ಹೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಅವಳ ಚೀಟಿಯಲ್ಲಿ ಏನೂ ಬರೆದಿರಲಿಲ್ಲ, ನೋಡು. ಗಂಡನ ಹೆಸರಿತ್ತು, ಊರಿತ್ತು, ಅಷ್ಟೆ. ನಿನ್ನ ಹುಡುಗಿಯದು ಪೊಲೀಸ್ ಕೇಸು ಆಗಿರುವುದರಿಂದ ನಿನಗೆ ಗೊತ್ತಾಯಿತು. ಗೊತ್ತಾಗದವರೇ ಜಾಸ್ತಿ. ಹಾಗಾಗಿ ನಾನು ಹೇಳುವುದನ್ನು ಅವಳೊಬ್ಬಳಿಗೆ ಅಂತ ಇಟ್ಟುಕೊಳ್ಳಬೇಡ. ಟೇಬಲ್ ಹತ್ತಿದ ಎಲ್ಲರಿಗೂ ಮಾಡು.

ಕೇಳಿ ಮುಟ್ಟು. ಕೈ ತೊಳೆದು ಗ್ಲೌಸು ಹಾಕಿಕೊಂಡು, "ಈಗ ಒಳಗೆ ನೋಡಬೇಕು, ಎರಡು ಬೆರಳು, ಅರ್ಧ ನಿಮಿಷ, ನೋಡಲಾ?" ಅನ್ನು. ಅವಳು ಹೂಂ ಅನ್ನುವವರೆಗೆ ಕಾಯಿ. "ಬ್ಯಾಡ, ತಗೀರಿ" ಅಂದರೆ ತೆಗೆ. ಇನ್ನೊಂದು ಸೆಕೆಂಡ್ ತಡಿ ಅನ್ನಬೇಡ, ತೆಗೆದುಬಿಡು. ಅವಳ ಬ್ಯಾಡಕ್ಕೆ ಬೆಲೆ ಇದೆ ಅಂತ ಅವಳಿಗೆ ಒಮ್ಮೆ ಕಾಣಿಸಿದರೆ, ಎರಡನೇ ಸಲ ಅವಳೇ ಕಾಲು ಸಡಿಲ ಬಿಡುತ್ತಾಳೆ. ನಾನು ಎಷ್ಟೋ ಸಲ ಕಂಡಿದ್ದೇನೆ. ಮತ್ತೆ, ಬಂದ ಬಂದವರೆಲ್ಲ ಪಿವಿ, ಅಂದರೆ ಈ ಒಳಗಿನ ಪರೀಕ್ಷೆ, ಮಾಡುವುದು ಬೇಡ. ತೊಂದರೆ ಇಲ್ಲದ ಹೆರಿಗೆಯಲ್ಲಿ ನಾಲ್ಕು ತಾಸಿಗೊಮ್ಮೆ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಕಲಿಯುವ ಹುಡುಗಿಯರು ಬೇರೆಯವರ ಹತ್ತಿರ ಕಲಿಯಲಿ.

ಬಾಗಿಲು ಹಾಕು. ಪರದೆ ಎಳಿ. ಗಂಡಸು ಡಾಕ್ಟರು ಬರಲೇಬೇಕಾದರೆ ಮೊದಲೇ ಹೇಳು, ನೀನು ಪಕ್ಕದಲ್ಲೇ ನಿಲ್ಲು. ಅಂಗಾತ ಮಲಗುವುದೇ ಅವಳಿಗೆ ಕಷ್ಟವಾಗಬಹುದು. ಎಡಕ್ಕೆ ಹೊರಳಲಿ, ಕೂರಲಿ, ಓಡಾಡಲಿ. ನಮ್ಮಜ್ಜಿ ಕಾಲದಲ್ಲಿ ಕುಕ್ಕರುಗಾಲಲ್ಲಿ ಕೂತೇ ಹೆರುತ್ತಿದ್ದರು. ಮಲಗಿಸಿದ್ದು ನಮ್ಮ ಅನುಕೂಲಕ್ಕೆ, ಅಲ್ವಾ? ಜೊತೆಗೊಬ್ಬರು ಹೆಂಗಸು ಇರಲು ಸರ್ಕಾರಿ ಹೆರಿಗೆ ಕೋಣೆಯಲ್ಲೂ ಅವಕಾಶವಿದೆ. ಯಾರು ಅಂತ ಅವಳನ್ನೇ ಕೇಳು. ಅವರವ್ವನೇ ಬೇಕು ಅಂತ ನೀನೇ ತೀರ್ಮಾನ ಮಾಡಬೇಡ.

ಚೀರುವವಳ ಬಗ್ಗೆ ನನಗೆ ಚಿಂತೆಯಿಲ್ಲ. ಫ್ಯಾನು ನೋಡುತ್ತ ಮಲಗುವವಳ ಬಗ್ಗೆ ಚಿಂತೆ. ಸದ್ದಿಲ್ಲದ ಪೇಷಂಟು ಒಳ್ಳೆ ಪೇಷಂಟು ಅಂತ ನಮ್ಮಲ್ಲಿ ಒಂದು ಮಾತಿದೆ, ಸುಳ್ಳು ಅದು. ಹಾಗೆ ಕಲ್ಲಾದರೆ ಅಲುಗಾಡಿಸಬೇಡ. ಹೆಸರು ಹಿಡಿದು ಮೆಲ್ಲಗೆ ಕರಿ. ಇದು ಆಸ್ಪತ್ರೆ, ಇವತ್ತು ಇಂಥ ವಾರ, ನಾನು ಸಿಸ್ಟರು, ಬಾಗಿಲು ಹಾಕಿದೆ ಅಂತ ಹೇಳು. ಒದ್ದೆ ಅರಿವೆ ಕೈಗೆ ಕೊಡು. ತಣ್ಣಗಿದ್ದರೆ ಮನಸ್ಸು ತಿರುಗಿ ಬರುತ್ತದೆ.

ಇನ್ನು ಮಗುವಿನ ವಿಷಯ. ಹುಟ್ಟಿದ ಕೂಡಲೇ ಎದೆ ಮೇಲೆ ಹಾಕುವುದು ನಿಮಗೆಲ್ಲ ರೂಢಿ. ಇವಳನ್ನು ನೋವು ಶುರುವಾಗುವ ಮೊದಲೇ ಕೇಳಿಟ್ಟುಕೋ: ಮುಖ ನೋಡುತ್ತೀಯಾ, ಎತ್ತಿಕೊಳ್ಳುತ್ತೀಯಾ, ಬೇಡವಾ? ಆಮೇಲೆ ಮಾತು ಬದಲಿಸಿದರೂ ಸರಿ. ಬೇಡ ಅಂದವಳು ಬೇಕು ಅಂದಳು, ಬೇಕು ಅಂದವಳು ಗೋಡೆ ಕಡೆ ತಿರುಗಿದಳು, ಎರಡೂ ನೋಡಿದ್ದೇನೆ. ಸಾಕುತ್ತೇನೆ ಅಂದರೆ ಜನನ ಪ್ರಮಾಣಪತ್ರಕ್ಕೆ ಅಪ್ಪನ ಹೆಸರು ಕಡ್ಡಾಯವಲ್ಲ, 2015ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಸಾಕಲು ಆಗಲ್ಲ ಅಂದರೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರೆದುಕೊಡಬಹುದು, ಮನಸ್ಸು ಬದಲಿಸಲು ಎರಡು ತಿಂಗಳ ಟೈಮಿದೆ. "ನಮ್ಮ ಕಡೆ ಮಕ್ಕಳಿಲ್ಲದವರು ಇದಾರೆ, ಕೈಗೆ ಕೈ ಕೊಟ್ಟುಬಿಡೋಣ" ಅಂತ ಯಾರಾದರೂ ಆಯಾ ಕಿವಿಯಲ್ಲಿ ಊದುತ್ತಾಳೆ. ಅದು ಅಪರಾಧ. ಅಲ್ಲೇ ಬಾಯಿ ಮುಚ್ಚಿಸು.

ಒಂದು ಮಾತು ಯಾರೂ ಹೇಳಿರುವುದಿಲ್ಲ. ಮಗುವನ್ನು ಕೊಟ್ಟರೂ ಹಾಲು ಬರುತ್ತದೆ. ಮೂರನೇ ದಿನ ಎದೆ ಕಲ್ಲಾಗುತ್ತದೆ, ಅಂಗಿ ನೆನೆಯುತ್ತದೆ. ಮೊದಲೇ ಹೇಳು, ಡಾಕ್ಟರ ಹತ್ತಿರ ಮಾತ್ರೆ ಕೇಳು. ಹೇಳದೇ ಇದ್ದರೆ ಬೆಳಗಾಗೆದ್ದು ಅವಳು ಒಬ್ಬಳೇ ಅದನ್ನು ನೋಡುತ್ತಾಳೆ.

ಕೇಸಿಗೆ ಅಂತ ಮಗುವಿನ ರಕ್ತ ಕೇಳಬಹುದು, ಡಿಎನ್‌ಎ ಪರೀಕ್ಷೆಗೆ. ಯಾಕೆ ಅಂತ ಅವಳಿಗೆ ತಿಳಿಸು. ಯಾರಿಗೂ ಹೇಳಲ್ಲ ಅಂತ ಮಾತ್ರ ಯಾವತ್ತೂ ಆಣೆ ಮಾಡಬೇಡ. ಇವಳಿಗೆ 20 ದಾಟಿದೆ. ನಾಳೆ 18 ತುಂಬದವಳು ಬಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕಾನೂನು ಪೋಕ್ಸೊ ಪ್ರಕಾರ ನೀನು ಪೊಲೀಸರಿಗೆ ತಿಳಿಸಲೇಬೇಕು. ಮಾತು ಕೊಟ್ಟು ಮುರಿದರೆ ಅವಳಿಗೆ ನೀನೂ ಇನ್ನೊಬ್ಬಳು. ಮನೆಗೆ ಹೋದ ಮೇಲೂ ಮಾತಾಡಲು ಒಬ್ಬರು ಬೇಕು, ಮಹಿಳಾ ಸಹಾಯವಾಣಿಯ 181 ನಂಬರು ಬರೆದುಕೊಡು, ನೊಂದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರದವರಿಗೆ ಒಂದು ಫೋನು ಹಾಕು. ಮತ್ತೆ, "ಎಂಎಲ್‌ಸಿ ಬೆಡ್", ಅಂದರೆ ಪೊಲೀಸ್ ಕೇಸಿನ ಹಾಸಿಗೆ, ಅಂತ ಅವಳನ್ನು ಯಾರಾದರೂ ಕೂಗಿದರೆ ನನ್ನ ಪರವಾಗಿ ಒಂದು ಸಲ ಬಯ್ಯಿ.

ಅವಳು ಏನಾಯಿತು ಅಂತ ತಾನೇ ಹೇಳಿದರೆ ಕೇಳು. ಹೇಳದಿದ್ದರೆ ಕೆದಕಬೇಡ. ಹೆರಿಗೆ ಮಾಡಿಸಲು ನಿನಗೆ ಅದು ಬೇಕಾಗಿಲ್ಲ.

ನೀನು ಊಟ ಬಿಟ್ಟು ಅಳುತ್ತ ಕೂರಬೇಡ. ರಜೆ ಸಿಕ್ಕ ದಿನ ಬಂದುಬಿಡು, ಸಿಂಧನೂರಿನಿಂದ ಎಷ್ಟು ದೂರ? ರೊಟ್ಟಿ ಬಡಿದು, ಬದನೆಕಾಯಿ ಎಣ್ಣೆಗಾಯಿ ಮಾಡುತ್ತೇನೆ.

ನಾಡಿದ್ದು ಬಸ್ಸಿಗೆ ಬರುವವರ ಕೈಲಿ ಎರಡು ಹಳೇ ಕಾಟನ್ ಸೀರೆ ಕಳಿಸುತ್ತಿದ್ದೇನೆ. ಒಗೆದು, ಬಿಸಿಲಿಗೆ ಹಾಕಿದ್ದು. ಆಸ್ಪತ್ರೆಯ ಗೌನು ಮೊಣಕಾಲು ಮುಚ್ಚುವುದಿಲ್ಲ. ಪರೀಕ್ಷೆ ಮಾಡುವಾಗ ಹೊದಿಸು, ತುದಿ ಅವಳ ಕೈಯಲ್ಲೇ ಇರಲಿ. ತಿರುಗಿ ಕಳಿಸಬೇಡ.

ನಿನ್ನ ದೊಡ್ಡವ್ವ