ಅಂಡಮಾನ್ ಪ್ರವಾಸ: ಜೇಬಿನಲ್ಲಿ ಒಂದು ಶಂಖವೂ ಬೇಡ

ಪ್ರೀತಿಯ ಪೋಷಕರೇ,

ನಮಸ್ಕಾರ. ಒಂಬತ್ತನೇ ತರಗತಿಯ ಮಕ್ಕಳನ್ನು ಜನವರಿಯಲ್ಲಿ ಅಂಡಮಾನ್‌ಗೆ ಕರೆದುಕೊಂಡು ಹೋಗುತ್ತಿದ್ದೇವೆ. ದಸರಾ ರಜೆಯಲ್ಲೇ ಹೋಗಬಹುದಿತ್ತಲ್ವಾ ಎಂದು ಕೆಲವರು ಕೇಳಿದ್ದೀರಿ. ಅಲ್ಲಿ ಮುಂಗಾರು ಮೇ ತಿಂಗಳಲ್ಲೇ ಶುರುವಾಗುತ್ತದೆ. ಅದು ಮುಗಿಯುವ ಹೊತ್ತಿಗೆ ಹಿಂಗಾರು ಹಿಡಿಯುತ್ತದೆ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ. ಬಿಡುವು ಸಿಗುವುದು ಜನವರಿಯಿಂದ ಏಪ್ರಿಲ್‌ವರೆಗೆ ಮಾತ್ರ. ಆಗ ಕಡಲು ಶಾಂತವಾಗಿರುತ್ತದೆ, ನೀರು ತಿಳಿಯಾಗಿರುತ್ತದೆ.

ಜನವರಿ ಎಂದು ಸ್ವೆಟರ್ ತುಂಬಿಸಬೇಡಿ. ಹಗಲು 30 ಡಿಗ್ರಿ ಆಸುಪಾಸು ಇರುತ್ತದೆ, ರಾತ್ರಿಯೂ ಚಳಿ ಇರುವುದಿಲ್ಲ. ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಬೇಗ ಆರುವುದಿಲ್ಲ. ತೆಳುವಾದ ಹತ್ತಿ ಬಟ್ಟೆ ಸಾಕು. ಇನ್ನೊಂದು ಮಾತು. ಆ ದ್ವೀಪಗಳು ತೀರಾ ಪೂರ್ವಕ್ಕಿವೆ, ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಸಂಜೆ ಐದೂವರೆಯ ಒಳಗೇ ಸೂರ್ಯ ಮುಳುಗುತ್ತಾನೆ. ಆರು ಗಂಟೆಗೆ ಫೋನ್ ಮಾಡಿದ ಮಗು "ಇಲ್ಲಿ ಕತ್ತಲು" ಎಂದರೆ ಗಾಬರಿಯಾಗಬೇಡಿ.

ಈ ಪತ್ರ ಬರೆಯಲು ಮುಖ್ಯ ಕಾರಣ ಬೇರೆಯೇ ಇದೆ. ಹಿಂದಿನ ಪ್ರವಾಸದಲ್ಲಿ ಒಬ್ಬ ಹುಡುಗ ದಂಡೆಯಲ್ಲಿ ಚೆಂದದ ಶಂಖವೊಂದನ್ನು ಹೆಕ್ಕಿ ಜೇಬಿಗಿಟ್ಟುಕೊಂಡಿದ್ದ. ಅಮ್ಮನಿಗೆ ಕೊಡಲು. ರಾತ್ರಿ ಊಟದ ಮೇಜಿನ ಮೇಲೆ ಅದನ್ನು ನನಗೆ ತೋರಿಸಲು ಇಟ್ಟ. ಸ್ವಲ್ಪ ಹೊತ್ತಿಗೆ ಶಂಖ ಅಲುಗಿತು. ಮೊದಲು ಎರಡು ಸಣ್ಣ ಮೀಸೆ, ಆಮೇಲೆ ಕಾಲುಗಳು ಹೊರಬಂದವು. ನೋಡನೋಡುತ್ತಲೇ ಅದು ತಟ್ಟೆಗಳ ನಡುವೆ ನಡೆಯತೊಡಗಿತು. ಒಳಗಿದ್ದದ್ದು ಸನ್ಯಾಸಿ ಏಡಿ. ಹುಡುಗನ ಕಣ್ಣು ತುಂಬಿಬಂತು. ಟಾರ್ಚ್ ಹಿಡಿದು ಎಲ್ಲರೂ ಹೋಗಿ ಅದನ್ನು ಹೆಕ್ಕಿದ ಜಾಗದಲ್ಲೇ ಬಿಟ್ಟು ಬಂದೆವು.

ಈ ಏಡಿಯ ಹಿಂಭಾಗ ಬೆಣ್ಣೆಯಷ್ಟು ಮೆತ್ತಗಿರುತ್ತದೆ. ಅದಕ್ಕೇ ಖಾಲಿ ಶಂಖವನ್ನು ಮನೆ ಮಾಡಿಕೊಳ್ಳುತ್ತದೆ. ಮೈ ಬೆಳೆದಂತೆ ದೊಡ್ಡ ಮನೆ ಬೇಕಾಗುತ್ತದೆ. ಒಳ್ಳೆಯ ಶಂಖವೊಂದು ದಂಡೆಗೆ ಬಂದು ಬಿದ್ದರೆ ಕೆಲವೊಮ್ಮೆ ಏಡಿಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲು ನಿಲ್ಲುತ್ತವೆ. ದೊಡ್ಡದು ಹೊಸ ಮನೆಗೆ ಹೋದ ಕೂಡಲೇ ಅದರ ಹಳೆಯ ಮನೆಗೆ ಹಿಂದಿನದು, ಅದರ ಮನೆಗೆ ಇನ್ನೊಂದು. ಹೀಗಾಗಿ ಖಾಲಿ ಶಂಖ ತಂದರೂ ಒಂದು ಸಾಲಿನ ಮನೆಯನ್ನೇ ತಂದಂತೆ. ಶಂಖ ಸಿಗದೆ ಪ್ಲಾಸ್ಟಿಕ್ ಮುಚ್ಚಳದೊಳಗೆ ಸೇರಿಕೊಂಡ ಏಡಿಗಳ ಚಿತ್ರ ನೀವೂ ನೋಡಿರಬಹುದು.

ಹವಳದ ತುಂಡೂ ಬೇಡ, ಸತ್ತದ್ದಾದರೂ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹವಳಕ್ಕೂ ಅನ್ವಯಿಸುತ್ತದೆ. ಕಾನೂನಿನ ಭಯಕ್ಕಿಂತ ಇದು ಜೀವ ಎಂಬುದು ಮಕ್ಕಳಿಗೆ ತಿಳಿಯಲಿ ಎಂಬುದು ನನ್ನ ಆಸೆ. 2010ರ ಬೇಸಿಗೆಯಲ್ಲಿ ಕಡಲು ವಿಪರೀತ ಕಾದು ಅಲ್ಲಿನ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿತ್ತು. ಹವಳಕ್ಕೆ ಬಣ್ಣ ಮತ್ತು ಆಹಾರ ಕೊಡುವ ಸಣ್ಣ ಪಾಚಿಗಳು ಬಿಸಿಗೆ ಬಿಟ್ಟುಹೋಗುತ್ತವೆ. ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ಅದರ ಮೇಲೆ ಮಗುವೊಂದು ಸುಮ್ನೆ ಕಾಲಿಟ್ಟರೂ ಮುರಿಯುತ್ತದೆ.

ಮೊಸಳೆ ಬಗ್ಗೆ ಕೇಳಿದ್ದೀರಿ. ಹೌದು, ಕಡಲಂಚಿನ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹಿನ್ನೀರಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಎಚ್ಚರಿಕೆ ಫಲಕ ಇರುವಲ್ಲಿ ಯಾರೂ ನೀರಿಗಿಳಿಯುವುದಿಲ್ಲ, ಕತ್ತಲಾದ ಮೇಲೆ ಎಲ್ಲಿಯೂ ಇಳಿಯುವುದಿಲ್ಲ. ಇದರಲ್ಲಿ ರಿಯಾಯಿತಿ ಇಲ್ಲ. ಹುಲಿ, ಚಿರತೆ ಅಲ್ಲಿಲ್ಲ. ಕಡಲಹುಲ್ಲು ಮೇಯುವ ಸಸ್ತನಿ ಕಡಲ ಹಸುವನ್ನು (ಡುಗಾಂಗ್) ನೋಡಬೇಕೆಂದು ಮಕ್ಕಳು ಹಂಬಲಿಸುತ್ತಿದ್ದಾರೆ. ಅದು ಕಾಣಿಸುವುದು ತೀರಾ ಅಪರೂಪ ಎಂದು ಮನೆಯಲ್ಲೂ ಹೇಳಿಡಿ.

ಜಾಲಿ ಬಾಯ್ ದ್ವೀಪಕ್ಕೆ ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಸ್ಟೀಲ್ ಬಾಟಲಿ, ಬಟ್ಟೆ ಚೀಲ ಕೊಟ್ಟು ಕಳಿಸಿ. ಎರಡರ ಮೇಲೂ ಮಗುವಿನ ಹೆಸರು ಬರೆದಿರಲಿ.

ನಿಮ್ಮ,
ಮುಖ್ಯೋಪಾಧ್ಯಾಯಿನಿ