ಭತ್ತದ ತಕರಾರು ಬಿಡಿ, ರಸ್ತೆ ಅಂಚಿನ ಮುಳ್ಳು ತೆಗೆಸಿ

ಮಾನ್ಯ ಸಂಪಾದಕರೇ,

ಡಾಂಬರು ರಸ್ತೆ ಮೇಲೆ ಭತ್ತ ಒಣಹಾಕುವ ರೈತರ ಮೇಲೆ ಕೇಸು ಹಾಕಿ ಎಂದು ನಮ್ಮ ಭಾಗದ ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದರು. ಬರೆದವರು ಕಾರಿನಲ್ಲಿ ಓಡಾಡುವವರು ಅಂತ ಪತ್ರ ಓದಿದರೇ ಗೊತ್ತಾಗುತ್ತದೆ. ನಾನು ಅದೇ ರಸ್ತೆಗಳಲ್ಲಿ ಸೈಕಲ್ ತುಳಿಯುವವನು. ನನಗೂ ಒಂದು ತಕರಾರಿದೆ, ಆದರೆ ಭತ್ತದ ಮೇಲಲ್ಲ.

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ನಾನು ಗುಮಾಸ್ತ. ವಾರವೆಲ್ಲ ಲಾರಿ ತೂಕ, ಚೀಲದ ಲೆಕ್ಕ, ಭತ್ತದ ಹಸಿ ಎಷ್ಟು ಅನ್ನುವ ಜಗಳ. ಭಾನುವಾರ ಬೆಳಕು ಹರಿಯುವ ಮುಂಚೆ ಮೂವರು ಸೈಕಲ್ ಹತ್ತುತ್ತೇವೆ. ಒಬ್ಬರು ಪ್ರಾಥಮಿಕ ಶಾಲೆಯ ಮೇಷ್ಟ್ರು, ಇನ್ನೊಬ್ಬ ಸೈಕಲ್ ಶಾಪಿನ ಗೆಳೆಯ. ಊರವರ ಸೈಕಲ್ಲುಗಳನ್ನೆಲ್ಲ ರಿಪೇರಿ ಮಾಡುವ ಈ ಮಹಾಶಯನ ಸೈಕಲ್ಲಿಗೆ ಮಾತ್ರ ಬ್ರೇಕ್ ಹಿಡಿಯುವುದಿಲ್ಲ. ನಮ್ಮದು ರೇಸ್ ಅಲ್ಲ, ತೂಕ ಇಳಿಸುವ ವ್ರತವೂ ಅಲ್ಲ. ಇದನ್ನು ಹಳ್ಳಿ ಕಟ್ಟೆಯ ಹಿರಿಯರಿಗೆ ತಿಳಿಹೇಳುವುದೇ ಒಂದು ಸಾಹಸ.

‘ಎಲ್ಲಿಗೆ ಹೊಂಟೀರಿ ಸರ?’

‘ಎಲ್ಲಿಗೂ ಇಲ್ಲ ಯಜ್ಜಾ, ಸುಮ್ನ ಹೊಂಟೀವಿ.’

‘ಸುಮ್ನ ಯಾರರ ಇಷ್ಟು ದೂರ ಬರ್ತಾರೇನ್ರೀ? ಗಾಡಿ ಕೆಟ್ಟೈತೇನು?’

ಒಮ್ಮೆ ಮೇಷ್ಟ್ರು ಬೇಸತ್ತು ‘ಹೆಣ್ಣು ನೋಡಾಕ ಬಂದೀವಿ’ ಅಂದುಬಿಟ್ಟರು. ಆಮೇಲೆ ಯಾರ ಮನೆ, ಯಾವ ಬೆಡಗು, ಹುಡುಗ ಏನು ಮಾಡ್ತಾನೆ ಅಂತ ಶುರುವಾದ ವಿಚಾರಣೆ ಎರಡು ಚಾ ಕುಡಿದರೂ ಮುಗಿಯಲಿಲ್ಲ.

ನಮಗೆ ಹೆಚ್ಚು ರೂಢಿಯಾದದ್ದು ಸಂಗಾಪುರದ ಮೇಲೆ ಆನೆಗೊಂದಿಗೆ ಹೋಗುವ ದಾರಿ. ಅಂಜನಾದ್ರಿಗೆ ಬರುವವರ ಕಾರುಗಳು ಈ ದಾರಿಯಲ್ಲಿ ಗಾಜು ಏರಿಸಿಕೊಂಡು ಹೋಗುತ್ತವೆ. ಬೆಟ್ಟ ಹತ್ತಿ, ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನಡುವೆ ಇರುವುದು ಅವರಿಗೆ ಬರೀ ದಾರಿ. ನಾಟಿ ಕಾಲದಲ್ಲಿ ಬಂದು ನೋಡಬೇಕು. ಟಂಟಂನಲ್ಲಿ ಒತ್ತೊತ್ತಾಗಿ ನಿಂತು ಬಂದ ಹೆಣ್ಣುಮಕ್ಕಳು ಬುತ್ತಿ ಗಂಟನ್ನು ಬದುವಿನ ಮೇಲಿಟ್ಟು, ಸೀರೆ ಮೇಲೆ ಗಂಡಸರ ಅಂಗಿ ತೊಟ್ಟು ಗದ್ದೆಗೆ ಇಳಿಯುತ್ತಾರೆ. ಪಕ್ಕದ ಗದ್ದೆಯಲ್ಲಿ ಕೇಜ್‌ವೀಲ್ ಅನ್ನುವ ಕಬ್ಬಿಣದ ಪಂಜರದಂಥ ಚಕ್ರ ಹಾಕಿದ ಟ್ರ್ಯಾಕ್ಟರ್ ಕೆಸರು ಹೊಡೆಯುತ್ತಿದ್ದರೆ ಅದರ ಬೆನ್ನಿಗೇ ಬೆಳ್ಳಕ್ಕಿ ಹಿಂಡು. ಚಕ್ರ ತಿರುಗಿದಲ್ಲೆಲ್ಲ ಹುಳ ಏಳುತ್ತವೆ, ಹಕ್ಕಿಗೆ ಅಷ್ಟೇ ಸಾಕು, ಟ್ರ್ಯಾಕ್ಟರ್ ಸದ್ದಿಗೆ ಹೆದರುವುದಿಲ್ಲ. ಸೈಕಲ್ ಗಂಟೆ ಹೊಡೆದರೆ ಮಾತ್ರ ಹಾರುತ್ತವೆ, ಯಾಕೋ! ಅದೇ ಕೇಜ್‌ವೀಲ್ ಬಿಚ್ಚದೆ ಡಾಂಬರಿನ ಮೇಲೆ ಓಡಿಸುವ ಚಾಲಕರೂ ಇದ್ದಾರೆ. ಅವರು ಕೊರೆದುಹೋದ ಗೀರುಗಳ ಮೇಲೆ ಸೈಕಲ್ ಬಿಟ್ಟರೆ ಹಲ್ಲು ಕಟಕಟ ಅನ್ನುತ್ತವೆ.

2024ರ ಆಗಸ್ಟ್ 10ರ ಶನಿವಾರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್‌ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದರು. ಮರುದಿನ ಭಾನುವಾರ, ನಾವು ಎಂದಿನಂತೆ ಹೊರಟಿದ್ದೆವು. ದಾರಿಯ ಹೋಟೆಲಿನಲ್ಲಿ ಒಗ್ಗರಣಿ-ಮಿರ್ಚಿ ತಟ್ಟೆಯಲ್ಲಿ ಹಾಗೇ ಆರುತ್ತಿತ್ತು, ಜನ ಮೊಬೈಲ್ ಸುತ್ತ ಮುಗಿಬಿದ್ದಿದ್ದರು. ಪ್ರವಾಹದ ಭಯಕ್ಕಿಂತ ಜೋರಾಗಿ ಕೇಳಿದ್ದು ಇನ್ನೊಂದು ಮಾತು: ‘ಡ್ಯಾಮ್ ಖಾಲಿ ಆದ್ರ ಈ ಬೆಳಿ ಗತಿ ಏನು?’ ಆಗಿನ್ನೂ ನಾಟಿ ಗದ್ದೆಗಳು ಹಸಿರು ಹಿಡಿಯುತ್ತಿದ್ದವು. ಎಡದಂಡೆ ಕಾಲುವೆ 227 ಕಿ.ಮೀ. ಉದ್ದ ಹರಿದು ರಾಯಚೂರು ಜಿಲ್ಲೆಯವರೆಗೆ ನೀರು ಒಯ್ಯುತ್ತದೆ. ಅಷ್ಟೂ ಉದ್ದಕ್ಕೆ ಅವತ್ತು ಇದೇ ಮಾತು ನಡೆದಿದ್ದೀತು. ಅದೇ ತಿಂಗಳಲ್ಲಿ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ಅಡ್ಡಹಲಗೆ ಇಳಿಸಿ ನೀರು ನಿಲ್ಲಿಸಿದ ಸುದ್ದಿ ಬಂದಾಗ ನಮ್ಮ ಗಿರಣಿಯಲ್ಲಿ ಪೇಢೆ ಹಂಚಿದರು.

ಆನೆಗೊಂದಿಯ ನದಿ ದಂಡೆ ಇನ್ನೊಂದು ಕಾರಣಕ್ಕೂ ನಮಗೆ ಇಷ್ಟ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ನದಿಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಸರ್ಕಾರ ಘೋಷಿಸಿತು. ಇದು ಗಂಗಾವತಿಯಲ್ಲಿ ಎಷ್ಟು ಜನಕ್ಕೆ ಗೊತ್ತಿದೆಯೋ! ನನಗೆ ಇದುವರೆಗೆ ನೀರುನಾಯಿ ಕಂಡಿಲ್ಲ. ಬಂಡೆ ಮೇಲೆ ಅದು ಬಿಟ್ಟುಹೋದ ಲದ್ದಿಯನ್ನು ಹರಗೋಲು ನಡೆಸುವ ಅಣ್ಣನೊಬ್ಬ ತೋರಿಸಿದ. ಬರೀ ಮೀನಿನ ಹುರುಪೆ, ಏಡಿಯ ಚೂರು, ಒಣಗಿ ಬೆಳ್ಳಗಾಗಿತ್ತು. ‘ಬಲಿ ಹರೀತಾವ್ರೀ, ಮೀನ ಕದೀತಾವ’ ಎಂದು ಬೈಯುತ್ತಲೇ, ಮರಿಗಳು ನೀರಿನಲ್ಲಿ ಆಡುವುದನ್ನು ಕೈ ಆಡಿಸಿ ಆಡಿಸಿ ಅಭಿನಯಿಸಿದ. ಬೈಗುಳಕ್ಕಿಂತ ಅಭಿನಯವೇ ಜಾಸ್ತಿ ಹೊತ್ತು ನಡೆಯಿತು.

ಇನ್ನೊಂದು ದಿಕ್ಕಿಗೆ ಹಿರೇಬೆಣಕಲ್. ಸೈಕಲ್ ಊರಲ್ಲಿ ಬಿಟ್ಟು ಗುಡ್ಡ ಹತ್ತಬೇಕು. ನಮ್ಮ ಸೈಕಲ್ ಕಾಯುವ ಅವ್ವ ಪ್ರತಿ ಸಲವೂ ‘ಮೋರ್ಯಾರ ಮನಿಯೊಳಗ ಏನೈತಂತ ಹೋಗ್ತೀರಪ್ಪ, ಬರೀ ಕಲ್ಲು’ ಅನ್ನುತ್ತಾಳೆ. ಕಬ್ಬಿಣ ಯುಗದ ಜನ ಚಪ್ಪಡಿ ನಿಲ್ಲಿಸಿ, ಮೇಲೆ ಚಪ್ಪಡಿ ಹೊದಿಸಿ ಕಟ್ಟಿದ ನೂರಾರು ಕಲ್ಲುಮನೆಗಳು ಅಲ್ಲಿವೆ. ಕೆಲವಕ್ಕೆ ಗುಂಡನೆಯ ಕಿಂಡಿ. 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿದ ಜಾಗವಿದು. ಬಂಡೆಯ ನೆತ್ತಿ ಮೇಲೆ ಕೂತಿರುವ ನಗಾರಿ ಕಲ್ಲನ್ನು ಬಡಿದು ನೋಡುವ ಚಟ ಬಂದವರಿಗೆಲ್ಲ. ದಯವಿಟ್ಟು ಬಡಿಯಬೇಡಿ. ಅದು ಸದ್ದು ಮಾಡುತ್ತದೆ ಅಂತ ಎಲ್ಲರಿಗೂ ಗೊತ್ತಾಗಿದೆ.

ಈಗ ತಕರಾರಿಗೆ ಬರುತ್ತೇನೆ.

ಹಿರೇಬೆಣಕಲ್‌ನಿಂದ ವಾಪಸ್ ಬರುವಾಗ ಒಂದು ಸಲ ಮೂವರ ಸೈಕಲ್ಲೂ ಹತ್ತು ಮಾರಿನೊಳಗೆ ಪಂಕ್ಚರ್ ಆದವು. ರಸ್ತೆ ಅಂಚಿನ ಬಳ್ಳಾರಿ ಜಾಲಿಯನ್ನು ಹಿಂದಿನ ದಿನವಷ್ಟೇ ಕಡಿದಿದ್ದರು. ಜಂಗಲ್ ಕಟಿಂಗ್ ಅನ್ನುತ್ತಾರಲ್ಲ, ಅದು. ದಪ್ಪ ಬೊಡ್ಡೆಗೆ ಗಿರಾಕಿ ಉಂಟು. ಸೌದೆಗೆ, ಇದ್ದಿಲು ಭಟ್ಟಿಗೆ ಹೋಗುತ್ತದೆ. ಮುಳ್ಳಿನ ಟೊಂಗೆ ಯಾರಿಗೂ ಬೇಡ, ಅದು ರಸ್ತೆ ಮೇಲೇ ಬಿದ್ದಿತ್ತು. ಲಾರಿಯೊಂದು ಅದರ ಮೇಲೆ ಹಾಯ್ದರೆ ಟೊಂಗೆ ನುಗ್ಗಾಗಿ ಮುಳ್ಳು ಡಾಂಬರಿನ ತುಂಬ ಹರಡುತ್ತದೆ. ಕಾರಿನ ಟೈರಿಗೆ ಇದು ಲೆಕ್ಕಕ್ಕಿಲ್ಲ.

ಸೈಕಲ್ ಶಾಪಿನ ಗೆಳೆಯ ಪಂಪು, ಸೊಲ್ಯೂಷನ್ ಎಲ್ಲ ತಂದಿದ್ದ. ಆದರೆ ಟೈರಿನೊಳಗೇ ಮುರಿದುಕೊಂಡ ಮುಳ್ಳಿನ ಮೊನೆ ಉಗುರಿಗೆ ಸಿಗಲಿಲ್ಲ. ಅಷ್ಟರಲ್ಲಿ ಕುರಿ ಹಿಂಡು ಹೊಡೆದುಕೊಂಡು ಬಂದ ಹಿರಿಯರೊಬ್ಬರು ಕಂಬಳಿ ಕೆಳಗಿಟ್ಟು, ಸೊಂಟದ ಚಂಚಿಯಿಂದ ಚಿಮಟ ತೆಗೆದರು. ಎಲೆ-ಅಡಿಕೆಯ ಜೊತೆಗೇ ಇರುವ ಪುಟ್ಟ ಕಬ್ಬಿಣದ ಚಿಮಟ, ತುದಿ ಸವೆದು ಹೊಳೆಯುತ್ತಿತ್ತು. ಟೈರನ್ನು ಕುರಿಯ ಗೊರಸು ಹಿಡಿದ ಹಾಗೆ ತೊಡೆ ಮೇಲೆ ಮಗುಚಿ ಹಿಡಿದು, ಹೆಬ್ಬೆರಳಿನಿಂದ ಒತ್ತುತ್ತ ಹೋಗಿ, ಒಂದು ಕಡೆ ನಿಲ್ಲಿಸಿ ಎಳೆದರು. ಅರ್ಧ ಇಂಚಿನ ಕರಿ ಮೊನೆ ಬಂತು. ಹಾಗೇ ಮೂರೂ ಟೈರು. ದುಡ್ಡು ಕೊಡಹೋದರೆ ‘ಬ್ಯಾಡಪ್ಪ’ ಅಂದು, ‘ನಿಮ್ಮ ಸೈಕಲ್ಲಿಗೆ ಪಂಚರ್ ಹಾಕ್ತೀರಿ, ನಮ್ಮ ಕುರಿ ಕುಂಟಿದ್ರ ಏನ್ ಹಾಕೋದು?’ ಎಂದು ಕೇಳಿದರು. ಹಿಂಡಿನ ಹಿಂದೆ ಮೂರು ಕಾಲಲ್ಲಿ ಬರುತ್ತಿದ್ದ ಕುರಿಯನ್ನು ಆಗಲೇ ನಾವು ನೋಡಿದ್ದು.

ಭಾನುವಾರದ ನಮ್ಮ ಹುಚ್ಚಿಗೆ ಯಾರೂ ರಸ್ತೆ ಗುಡಿಸಬೇಕಾಗಿಲ್ಲ. ಸೋಮವಾರದಿಂದ ಶನಿವಾರದವರೆಗೆ ಅದೇ ಅಂಚಿನಲ್ಲಿ ಹೈಸ್ಕೂಲಿಗೆ ಹೋಗುವ ಹುಡುಗಿಯರು ಸೈಕಲ್ ತುಳಿಯುತ್ತಾರೆ. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ 2006–07ರಲ್ಲಿ ಶುರುಮಾಡಿದ ಉಚಿತ ಸೈಕಲ್ ಯೋಜನೆ ಕೋವಿಡ್ ಕಾಲದಲ್ಲಿ ನಿಂತಿತು. ಅಕ್ಕ ತುಳಿದ ಸೈಕಲ್ಲನ್ನೇ ತಂಗಿ ತುಳಿಯುವ ಮನೆಗಳಿವೆ. ಸವೆದ ಟೈರಿಗೆ ಜಾಲಿ ಮುಳ್ಳು ಬೇಗ ಇಳಿಯುತ್ತದೆ. ಪಂಕ್ಚರ್ ಅಂಗಡಿ ಇರುವುದು ಮುಂದಿನ ಊರಲ್ಲಿ. ಮೊದಲ ಪಿರಿಯಡ್ ತಪ್ಪಿದ ಹುಡುಗಿ ಬಾಗಿಲಲ್ಲಿ ನಿಂತರೆ ಹಾಜರಿ ಕರೆಯುವವರು ‘ಯಾಕ ತಡ?’ ಅಂತ ಕೇಳಲೇಬೇಕಾಗುತ್ತದೆ. ನಮ್ಮ ಮೇಷ್ಟ್ರೂ ಅಂಥ ಉತ್ತರಗಳನ್ನು ಎಷ್ಟೋ ಕೇಳಿದ್ದಾರಂತೆ.

ಭತ್ತದ ವಿಷಯಕ್ಕೆ ಬಂದರೆ, ಕೇಸು ಹಾಕಿ ಎನ್ನುವವರು ನಮ್ಮ ಗಿರಣಿ ಬಾಗಿಲಲ್ಲಿ ಒಂದು ದಿನ ನಿಲ್ಲಲಿ. ಬೆಂಬಲ ಬೆಲೆ ಸಿಗಬೇಕಾದರೆ ಭತ್ತದ ತೇವಾಂಶ ಶೇ 17 ಮೀರಬಾರದು. ಕೈಯಲ್ಲಿ ಕೊಯ್ದು ಸಿವುಡು ಕಟ್ಟಿ ಬಣವೆ ಹಾಕುತ್ತಿದ್ದಾಗ ಪೈರು ಅಲ್ಲೇ ಒಣಗುತ್ತಿತ್ತು. ಈಗ ಕಟಾವು ಯಂತ್ರ ಹಸಿ ಭತ್ತವನ್ನೇ ಟ್ರೇಲರ್‌ಗೆ ಸುರಿಯುತ್ತದೆ. ಊರ ಕಣಗಳ ಜಾಗದಲ್ಲಿ ಮನೆ ಎದ್ದಿವೆ, ಉಳಿದದ್ದು ಡಾಂಬರು. ಪಂಚಾಯ್ತಿಗೊಂದು ಸಿಮೆಂಟಿನ ಕಣ ಹಾಕಿಕೊಟ್ಟರೆ ರಸ್ತೆ ತಾನೇ ಖಾಲಿಯಾಗುತ್ತದೆ. ರೈತ ಬಂಧುಗಳಿಗೆ ನನ್ನದೂ ಒಂದು ಮಾತು: ತಾಡಪತ್ರಿ ಹಾರದಂತೆ ಇಟ್ಟ ಕಲ್ಲುಗಳನ್ನು ಭತ್ತ ತುಂಬಿದ ಮೇಲೆ ರಸ್ತೆ ಮೇಲೇ ಬಿಟ್ಟುಹೋಗಬೇಡಿ. ಕತ್ತಲಲ್ಲಿ ಬೈಕಿನವರು ಅದಕ್ಕೇ ಬೀಳುತ್ತಾರೆ.

ಮುಳ್ಳಿನ ಪರಿಹಾರ ಇನ್ನೂ ಸುಲಭ. ಜಂಗಲ್ ಕಟಿಂಗ್ ಮಾಡಿಸುವ ಇಲಾಖೆ, ಕಡಿದ ಟೊಂಗೆಯನ್ನು ಅವತ್ತೇ ಎತ್ತಿಸಿದ ಮೇಲೆ ಮಾತ್ರ ಗುತ್ತಿಗೆದಾರರ ಬಿಲ್ ಪಾಸು ಮಾಡಲಿ. ಕಡಿಯುವ ಮುಂಚಿನ ಫೋಟೊ ಜೊತೆಗೆ, ಎತ್ತಿದ ನಂತರದ ಫೋಟೊವನ್ನೂ ಕಡ್ಡಾಯ ಮಾಡಲಿ. ಈ ವರ್ಷ ಇದು ದೀಪಾವಳಿಯೊಳಗೆ ಆಗಬೇಕು. ಆಮೇಲೆ ಕೊಯ್ಲು ಶುರುವಾಗಿ ಅರ್ಧ ರಸ್ತೆ ಭತ್ತಕ್ಕೆ ಹೋಗುತ್ತದೆ, ಸೈಕಲ್ಲಿನವರಿಗೂ ಕುರಿಗಳಿಗೂ ಉಳಿಯುವುದು ಆ ಅಂಚೊಂದೇ.

ಇಂತಿ,
ಅಕ್ಕಿ ಗಿರಣಿಯ ಒಬ್ಬ ಗುಮಾಸ್ತ, ಗಂಗಾವತಿ, ಕೊಪ್ಪಳ ಜಿಲ್ಲೆ