ಚರ್ಮದಾನ ಮಾಡಿದ ಮನೆಗಳಿಗೆ, ಸುಟ್ಟಗಾಯದ ವಾರ್ಡಿನಿಂದ

ಮೈಯ ಶೇ. 40ರಷ್ಟು ಸುಟ್ಟು ಬಂದಿದ್ದವರೊಬ್ಬರು ಗಾಯವೆಲ್ಲ ಮುಚ್ಚಿ, ನಡೆದುಕೊಂಡೇ ಈ ವಾರ ಮನೆಗೆ ಹೋದರು. ಮೊದಲ ನಮಸ್ಕಾರ ತೀರಿಕೊಂಡ ತಮ್ಮವರ ಚರ್ಮ ಕೊಟ್ಟ ಮನೆಗಳಿಗೆ. ನೀವು ಕೊಟ್ಟದ್ದು ಯಾವ ಕೆಲಸಕ್ಕೆ ಬಂತು ಎಂದು ಯಾರೂ ನಿಮಗೆ ಹೇಳಿರಲಾರರು, ಹೇಳುವ ಹೊಣೆ ನಮ್ಮದು.

ಚರ್ಮ ಹೋದ ಮೈಯಿಂದ ನೀರು, ಉಪ್ಪು, ಪ್ರೋಟೀನ್ ಒಂದೇ ಸಮನೆ ಸೋರುತ್ತವೆ. 60 ಕಿಲೊ ತೂಕದವರಿಗೆ ಶೇ. 40 ಸುಟ್ಟಿದ್ದರೆ ಮೊದಲ 24 ಗಂಟೆಗೆ ಸುಮಾರು 9.6 ಲೀಟರ್ ಡ್ರಿಪ್ ಎಂದು ಲೆಕ್ಕ ಹಿಡಿದು, ಮೂತ್ರದ ಪ್ರಮಾಣ ನೋಡಿಕೊಂಡು ಹೆಚ್ಚುಕಡಿಮೆ ಮಾಡುತ್ತೇವೆ. ಅದರಲ್ಲಿ ಅರ್ಧ ಮೊದಲ 8 ಗಂಟೆಗೇ ಹೋಗಬೇಕು. ಗಡಿಯಾರ ಶುರುವಾಗುವುದು ಸುಟ್ಟ ಹೊತ್ತಿನಿಂದ, ಹಾಗಾಗಿ ದಾರಿಯಲ್ಲಿ ಕಳೆದದ್ದೂ ಲೆಕ್ಕಕ್ಕೆ ಬರುತ್ತದೆ. ಅದು ದಾಟಿದರೆ ಮುಂದೆ ಸೋಂಕಿನ ಕಾಟ. ಸತ್ತ ಚರ್ಮ ಕೆತ್ತಿ ತೆಗೆದ ಮೇಲೆ ಹಸಿ ಗಾಯ ಬಾಯಿ ಬಿಟ್ಟುಕೊಂಡಿರುತ್ತದೆ. ಅಷ್ಟಗಲ ಮುಚ್ಚಲು ರೋಗಿಯದೇ ತೊಡೆಯ ಚರ್ಮ ಒಮ್ಮೆಗೆ ಸಾಲದು, ತೆಗೆದ ಜಾಗ ಮಾಯಲು ಸುಮಾರು ಎರಡು ವಾರ ಬೇಕು. ಆ ನಡುವಿನ ದಿನಗಳಿಗೆ ನೀವು ಕೊಟ್ಟ ಚರ್ಮ ಹೊದಿಕೆಯಾಯಿತು. ಎರಡು ಮೂರು ವಾರಕ್ಕೆ ಅದು ಕಳಚಿ ಬಿತ್ತು. ಬೀಳಲೇಬೇಕು, ಬೇರೆಯವರ ಚರ್ಮ ಕಾಯಂ ಕೂರುವುದಿಲ್ಲ. ಅಷ್ಟರಲ್ಲಿ ಸೋರುವುದು ತಗ್ಗಿತ್ತು, ಡ್ರೆಸ್ಸಿಂಗ್ ಬಿಚ್ಚುವಾಗಿನ ಚೀರಾಟವೂ ತಗ್ಗಿತ್ತು.

ಸಾವಾಗಿ 6 ಗಂಟೆಯೊಳಗೆ ಚರ್ಮ ತೆಗೆಯಬೇಕು. ಹೆಣ ಅಂಗಳದಲ್ಲಿರುವಾಗ ಚರ್ಮನಿಧಿಗೆ, ಅಂದರೆ ದಾನದ ಚರ್ಮ ಕಾದಿಡುವ ಕೇಂದ್ರಕ್ಕೆ, ಫೋನ್ ಮಾಡಲು ಎಂಥ ಗಟ್ಟಿ ಮನಸ್ಸು ಬೇಕು ಎಂಬುದು ನಮಗೆ ಗೊತ್ತು. ಹಿಂಜರಿಯುವ ಉಳಿದವರಿಗೆ ಇಷ್ಟು: ತೊಡೆ, ಕಾಲು, ಬೆನ್ನಿನಿಂದ ತೆಳ್ಳನೆಯ ಮೇಲ್ಪದರ ಮಾತ್ರ ತೆಗೆಯುತ್ತಾರೆ. ಮುಕ್ಕಾಲು ಗಂಟೆಯ ಕೆಲಸ, ರಕ್ತ ಸುರಿಯುವುದಿಲ್ಲ, ಬ್ಯಾಂಡೇಜ್ ಸುತ್ತಿ ಕೊಡುತ್ತಾರೆ. ರಕ್ತದ ಗುಂಪು ಹೊಂದಬೇಕಿಲ್ಲ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮನಿಧಿ ಇದೆ.

ಇನ್ನು ರೋಗಿಯ ಪಕ್ಕದ ಮನೆಯಾಕೆಗೆ. ಅಮ್ಮಾ, ನೀವು ಟೂತ್‌ಪೇಸ್ಟ್ ಹುಡುಕದೆ 20 ನಿಮಿಷ ನಲ್ಲಿ ನೀರು ಬಿಟ್ಟಿರಿ, ಆಮೇಲೆ ಒಣ ಹತ್ತಿ ಬೆಡ್‌ಶೀಟ್ ಹೊದಿಸಿದಿರಿ. ಇಷ್ಟಗಲ ಸುಟ್ಟಾಗ ಅದಕ್ಕಿಂತ ಹೆಚ್ಚು ಹೊತ್ತು ನೀರಿನಲ್ಲಿಟ್ಟರೆ ಮೈ ತಣ್ಣಗಾಗಿ ಬೇರೆ ಅಪಾಯ. ಬಳೆ, ಉಂಗುರ ಆಗಲೇ ತೆಗೆದಿದ್ದು ಇನ್ನೂ ದೊಡ್ಡ ಉಪಕಾರ: ಊತ ಏರಿದ ಮೇಲೆ ಅವು ಬೆರಳಿನ ರಕ್ತ ತಡೆಯುತ್ತವೆ, ಕತ್ತರಿಸಿಯೇ ತೆಗೆಯಬೇಕಾಗುತ್ತದೆ.

ರೋಗಿಯ ಮನೆಯವರಿಗೆ ಮುಂಗಡವಾಗಿಯೇ ಥ್ಯಾಂಕ್ಸ್, ಏಕೆಂದರೆ ಅರ್ಧ ಕೆಲಸ ನಿಮ್ಮ ಪಾಲಿಗೆ ಉಳಿದಿದೆ. ಮಾದ ಚರ್ಮ ತಿಂಗಳುಗಟ್ಟಲೆ ಎಳೆದುಕೊಳ್ಳುತ್ತಲೇ ಇರುತ್ತದೆ. ಬಿಟ್ಟರೆ ಗದ್ದ ಎದೆಗೆ ಅಂಟಿಕೊಳ್ಳುತ್ತದೆ, ಮೊಣಕೈ ನೆಟ್ಟಗಾಗುವುದಿಲ್ಲ. ತಲೆದಿಂಬು ಬೇಡ, ಹೆಗಲ ಕೆಳಗೆ ಟವೆಲ್ ಸುರುಳಿ ಇಡಿ. ಮಾದ ಚರ್ಮವನ್ನು ಒತ್ತಿ ಹಿಡಿಯಲು ಅಳತೆ ತೆಗೆದು ಕೊಟ್ಟ ಬಿಗಿ ಬಟ್ಟೆ ದಿನಕ್ಕೆ 23 ಗಂಟೆ ಮೈಮೇಲಿರಲಿ, ಸ್ನಾನಕ್ಕೆ ಮತ್ತು ಕೊಬ್ಬರಿ ಎಣ್ಣೆ ತಿಕ್ಕುವಾಗ ಮಾತ್ರ ಬಿಚ್ಚಿ. ಅದು ಸಡಿಲವಾಯಿತು ಅನ್ನಿಸಿದರೆ ತನ್ನಿ, ಮತ್ತೆ ಅಳತೆ ತೆಗೆಯುತ್ತೇವೆ.